ಇಂಡಿಕೇಟರ್ ಕೈಕೊಟ್ಟಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಕಾರಿನ ಇಂಡಿಕೇಟರ್ ದೂರುಗಳೇ ಜಾಸ್ತಿ. ಅರ್ಧಕ್ಕರ್ಧ ಪತ್ರಗಳಲ್ಲಿ ಒಂದೇ ಸಾಲು: ‘ಫ್ಲಾಶರ್ ಬದಲಾಯಿಸಿದೆವು, ಸರಿಹೋಗಲಿಲ್ಲ.’ ಸರಿಹೋಗದೇ ಇದ್ದದ್ದು ಸಹಜ. ಈ ಸರ್ಕೀಟಿನಲ್ಲಿ ಎಲ್ಲಕ್ಕಿಂತ ಕಡಿಮೆ ಕೆಡುವುದು ಫ್ಲಾಶರ್ (ದೀಪಗಳನ್ನು ಮಿನುಗಿಸುವ ಪುಟ್ಟ ಡಬ್ಬಿ), ಎಲ್ಲಕ್ಕಿಂತ ಮೊದಲು ಬೈಸಿಕೊಳ್ಳುವುದೂ ಅದೇ. ಕೆಳಗಿನ ಉತ್ತರಗಳು ಪ್ರತ್ಯೇಕ ಫ್ಲಾಶರ್ ಇರುವ ಕಾರುಗಳಿಗೆ ನೇರವಾಗಿ ಅನ್ವಯಿಸುತ್ತವೆ. ಎಲ್ಲ ದೀಪಗಳನ್ನೂ ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಬಿಸಿಎಂ ನಡೆಸುವ ಹೊಸ ಕಾರುಗಳಲ್ಲಿ ವ್ಯತ್ಯಾಸ ಇರುವ ಕಡೆ ಹಾಗೆಂದು ಹೇಳಿದ್ದೇವೆ.

ಎಡಗಡೆ ಇಂಡಿಕೇಟರ್ ಹಾಕಿದರೆ ಟಿಕ್ ಟಿಕ್ ಸದ್ದು ದುಪ್ಪಟ್ಟು ವೇಗದಲ್ಲಿ ಬರುತ್ತದೆ, ಬಲಗಡೆ ಸರಿಯಾಗಿದೆ. ಹೊಸ ಫ್ಲಾಶರ್ ಹಾಕಿಸಿದೆ, ಬದಲಾವಣೆ ಇಲ್ಲ. ಎಡಗಡೆಯ ಮೂರೂ ದೀಪ ಉರಿಯುತ್ತಿವೆ. ಬಿಸಿಲು ಬಿದ್ದ ದಿನ ತಾನಾಗಿಯೇ ಸರಿಹೋಗುತ್ತದೆ!
– ಓದುಗರು, ಕುಂದಾಪುರ

ಎರಡೂ ಬದಿಗೆ ಇರುವುದು ಒಂದೇ ಫ್ಲಾಶರ್. ಬಲಗಡೆ ಸರಿಯಾಗಿ ಮಿನುಗುತ್ತಿದೆ ಎಂದಮೇಲೆ ಫ್ಲಾಶರ್ ಚೆನ್ನಾಗಿಯೇ ಇದೆ. ಹಳೆಯದನ್ನು ಎಸೆದಿಲ್ಲವಾದರೆ ಜೋಪಾನವಾಗಿಡಿ.

ವೇಗ ಹೆಚ್ಚುವುದು ಫ್ಲಾಶರ್ ಕೊಡುತ್ತಿರುವ ಸೂಚನೆ. ಒಂದು ಬದಿಯಲ್ಲಿ ಸಾಮಾನ್ಯವಾಗಿ ಮುಂದೆ 21 ವ್ಯಾಟ್, ಹಿಂದೆ 21 ವ್ಯಾಟ್, ಪಕ್ಕದಲ್ಲಿ 5 ವ್ಯಾಟ್ ಬಲ್ಬ್ ಇರುತ್ತದೆ. ಒಟ್ಟು 47 ವ್ಯಾಟ್. 12 ವೋಲ್ಟ್‌ಗೆ ಸುಮಾರು 4 ಆಂಪಿಯರ್ ಕರೆಂಟ್ ಹರಿಯಬೇಕು. ಫ್ಲಾಶರ್ ಒಳಗಿನ ಪುಟ್ಟ ರೆಸಿಸ್ಟರ್ ಒಂದು ಈ ಕರೆಂಟನ್ನು ಅಳೆಯುತ್ತಿರುತ್ತದೆ. ಒಂದು 21 ವ್ಯಾಟ್ ಬಲ್ಬ್ ಹೋದರೆ ಉಳಿಯುವುದು 2.2 ಆಂಪಿಯರ್ ಮಾತ್ರ. ಆಗ ಅದು ವೇಗವನ್ನು ದುಪ್ಪಟ್ಟು ಮಾಡಿ ‘ದೀಪ ಹೋಗಿದೆ, ಇಳಿದು ನೋಡು’ ಎನ್ನುತ್ತದೆ. ಪಕ್ಕದ 5 ವ್ಯಾಟ್ ಬಲ್ಬ್ ಹೋದರೆ ಸಾಮಾನ್ಯವಾಗಿ ಅದಕ್ಕೆ ಗೊತ್ತಾಗುವುದಿಲ್ಲ. (ಅಂಬಾಸಿಡರ್ ಕಾಲದ, ಬಿಸಿಯಾಗಿ ಬಾಗುವ ಲೋಹದ ಪಟ್ಟಿಯ ಫ್ಲಾಶರ್‌ಗಳದ್ದು ಉಲ್ಟಾ ಸ್ವಭಾವ: ಬಲ್ಬ್ ಹೋದರೆ ಅವು ನಿಧಾನವಾಗುತ್ತವೆ, ಇಲ್ಲವೇ ಮಿನುಗದೆ ಉರಿದೇ ಇರುತ್ತವೆ.)

ನಿಮ್ಮಲ್ಲಿ ಮೂರೂ ಉರಿಯುತ್ತಿವೆ, ಆದರೂ ಕರೆಂಟ್ ಕಮ್ಮಿ. ಹಾಗಿದ್ದರೆ ದಾರಿಯಲ್ಲೆಲ್ಲೋ ತಡೆ ಇದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಬಲ್ಬ್ ಹೋಲ್ಡರ್‌ನ ಕಿಲುಬು. ಉರಿಯುವ 21 ವ್ಯಾಟ್ ಬಲ್ಬಿನ ತಂತಿಯ ರೆಸಿಸ್ಟೆನ್ಸ್ ಸುಮಾರು 7 ಓಮ್. ಹೋಲ್ಡರ್‌ನಲ್ಲಿ ಕೆಲವು ಓಮ್ ತಡೆ ಸೇರಿದರೆ ಸಾಕು, ಕರೆಂಟ್ ಇಳಿಯುತ್ತದೆ. ಬೆಳಕು ಅದಕ್ಕಿಂತ ಜೋರಾಗಿ ಬೀಳುತ್ತದೆ: ವೋಲ್ಟೇಜ್ ಶೇ 10 ಕಡಿಮೆಯಾದರೆ ಬೆಳಕು ಸುಮಾರು ಶೇ 30 ಕಡಿಮೆ. ಆದ್ದರಿಂದ ಮುಸ್ಸಂಜೆ ಹೊತ್ತಿಗೆ ಕಾರನ್ನು ಗೋಡೆಯ ಮುಂದೆ ನಿಲ್ಲಿಸಿ, ಹಜಾರ್ಡ್ (ಎಲ್ಲ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಸ್ವಿಚ್) ಒತ್ತಿ, ಎಡ ಬಲ ಹೋಲಿಸಿ ನೋಡಿ. ಆಮೇಲೆ ಹಿಂಬದಿ ತಿರುಗಿಸಿ ನಿಲ್ಲಿಸಿ ಅದನ್ನೇ ಮಾಡಿ. ಮಂಕಾಗಿರುವ ದೀಪವೇ ನೀವು ಹುಡುಕುತ್ತಿರುವುದು.

ಆ ಬಲ್ಬ್ ತೆಗೆದು ಮೇಲೆ ಬರೆದಿರುವ ವ್ಯಾಟ್ ಓದಿ. 21ರ ಜಾಗದಲ್ಲಿ ಯಾರೋ 10 ವ್ಯಾಟ್ ಹಾಕಿರುವುದು ಅಪರೂಪವೇನಲ್ಲ. ಬುಡದ ಸೀಸದ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಚಪ್ಪಟೆಯಾಗಿದ್ದರೆ ಬಲ್ಬ್ ಬದಲಾಯಿಸಿ. ಹೋಲ್ಡರ್ ಒಳಗಿನ ಹಿತ್ತಾಳೆ ಹಸಿರಾಗಿದ್ದರೆ ಸಣ್ಣ ಎಮರಿ ಪೇಪರನ್ನು ಪೆನ್ಸಿಲ್ ತುದಿಗೆ ಸುತ್ತಿ ಹೊಳೆಯುವ ತನಕ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್ ಬೇಡ, ಬಲ್ಬಿನ ಬಿಸಿಗೆ ಕರಗಿ ಹರಿಯುತ್ತದೆ. ಒಳಗಿನ ಸ್ಪ್ರಿಂಗ್ ಸುಟ್ಟು ಸಡಿಲವಾಗಿದ್ದರೆ ಎಷ್ಟು ಉಜ್ಜಿದರೂ ವಾರದ ಮಾತು, ಹೋಲ್ಡರ್ ಬದಲಾಗಲೇಬೇಕು. ದೀಪದ ಗಾಜಿನೊಳಗೆ ಹನಿ ಕಟ್ಟಿದ್ದರೆ ಗ್ಯಾಸ್ಕೆಟ್ ನೋಡಿ, ಇಲ್ಲದಿದ್ದರೆ ಮುಂದಿನ ಮಳೆಗೆ ಇದೇ ಪತ್ರ ಮತ್ತೆ ಬರೆಯಬೇಕಾಗುತ್ತದೆ.

ರಾತ್ರಿ ಲೈಟ್ ಹಾಕಿಕೊಂಡು ಬಲ ಇಂಡಿಕೇಟರ್ ಕೊಟ್ಟರೆ ಹಿಂದಿನ ಕೆಂಪು ದೀಪವೂ ಜೊತೆಗೆ ಮಿಟುಕುತ್ತದೆ. ಬ್ರೇಕ್ ತುಳಿದರೆ ಇಂಡಿಕೇಟರ್ ಇನ್ನೂ ಮಂಕು. ವೈರಿಂಗ್ ಪೂರ್ತಿ ಬದಲಾಯಿಸಬೇಕು ಎನ್ನುತ್ತಿದ್ದಾರೆ.
– ಓದುಗರು, ತೀರ್ಥಹಳ್ಳಿ

ಬೇಡ. ಒಂದು ಸ್ಕ್ರೂ ಬಿಗಿ ಮಾಡಿದರೆ ಮುಗಿಯುವ ಕೆಲಸ ಇರಬಹುದು.

ಹಿಂದಿನ ದೀಪದ ಗುಚ್ಛದಲ್ಲಿ ಟೈಲ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಎಲ್ಲಕ್ಕೂ ಸೇರಿ ಸಾಮಾನ್ಯವಾಗಿ ಒಂದೇ ಅರ್ತ್ ವೈರ್. ಅದು ಡಿಕ್ಕಿಯೊಳಗೆ ಬಾಡಿಗೆ ಬೋಲ್ಟ್ ಆಗಿರುತ್ತದೆ. ಆ ಬೋಲ್ಟಿನಡಿ ತುಕ್ಕು ಬಂದರೆ ಬಲ್ಬಿಗೆ ಬಂದ ಕರೆಂಟಿಗೆ ಹೊರಹೋಗುವ ದಾರಿ ಸಿಗದೆ, ಪಕ್ಕದ ಬಲ್ಬಿನ ಮೂಲಕ ಹಿಂದಕ್ಕೆ ನುಗ್ಗುತ್ತದೆ. ಒಂದು ದೀಪ ಹಾಕಿದರೆ ಇನ್ನೊಂದು ಬೆದರುವುದು ಇದರಿಂದಲೇ. ಇಂಥ ವಿಚಿತ್ರ ಲಕ್ಷಣ ಕಂಡ ಕೂಡಲೇ ಪಾಸಿಟಿವ್ ವೈರ್ ಬಿಟ್ಟು ಅರ್ತ್ ಕಡೆ ಹೋಗಿ.

ಖಚಿತ ಮಾಡಿಕೊಳ್ಳುವುದು ಸುಲಭ. ಬಲ್ಬುಗಳು ಉರಿಯುತ್ತಿರುವಾಗ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಹೋಲ್ಡರ್‌ನ ಅರ್ತ್ ತಗಡಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಉದ್ದ ವೈರ್ ಮೂಲಕ ಹಿಡಿಯಿರಿ. 0.2 ವೋಲ್ಟ್ ಒಳಗಿದ್ದರೆ ಸರಿ. ಅರ್ಧ ವೋಲ್ಟ್ ದಾಟಿತೆಂದರೆ ಅರ್ತ್ ಕೆಟ್ಟಿದೆ. ಬೋಲ್ಟ್ ಬಿಚ್ಚಿ, ರಿಂಗ್ ಟರ್ಮಿನಲ್ ಮತ್ತು ಅದರಡಿಯ ತಗಡು ಎರಡನ್ನೂ ಬಣ್ಣ ಹೋಗಿ ಲೋಹ ಕಾಣುವಂತೆ ಉಜ್ಜಿ, ನಕ್ಷತ್ರದ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಟಿಂಕರಿಂಗ್ ಆದ ಕಾರುಗಳಲ್ಲಿ ಹೊಸ ಪೇಂಟಿನ ಮೇಲೆಯೇ ಅರ್ತ್ ಬೋಲ್ಟ್ ಕೂರಿಸಿರುತ್ತಾರೆ, ಅದನ್ನೂ ನೋಡಿಕೊಳ್ಳಿ.

ಇದೆಲ್ಲ ಸರಿಯಿದ್ದೂ ಹಾಗೇ ಆದರೆ ಎರಡು ತಂತಿಯ ಬಲ್ಬ್, ಅಂದರೆ 21/5 ವ್ಯಾಟಿನದ್ದನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೆ ಒಂದು ತಂತಿ ತುಂಡಾಗಿ ಇನ್ನೊಂದರ ಮೇಲೆ ಬಿದ್ದಿದ್ದರೂ ಇದೇ ನಾಟಕ.

ನಾನು ಐಟಿಐ ವಿದ್ಯಾರ್ಥಿ. ಹೋಲ್ಡರ್‌ನಲ್ಲಿ ಮೀಟರ್ 12.3 ವೋಲ್ಟ್ ತೋರಿಸುತ್ತದೆ, ಬಲ್ಬ್ ಹೊಸದು, ಆದರೂ ಉರಿಯುವುದಿಲ್ಲ. ಹೇಗೆ ಸಾಧ್ಯ ಸರ್?
– ಓದುಗರು, ಕಲಬುರಗಿ

ಒಳ್ಳೆಯ ಪ್ರಶ್ನೆ. ಡಿಜಿಟಲ್ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್. ಅದು ಲೈನಿನಿಂದ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಸಣ್ಣದು. ವೈರಿನ ಹತ್ತಿಪ್ಪತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದು ಅದೂ ಕಿಲುಬಿನ ಮೂಲಕ ತಾಗುತ್ತಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬ್ ಹಾಕಿದ ಕ್ಷಣ ಸುಮಾರು 2 ಆಂಪಿಯರ್ ಬೇಕಾಗುತ್ತದೆ. ಆಗ ಆ ವೋಲ್ಟೇಜ್ ಎಲ್ಲ ತುಂಡಾದ ಜಾಗದಲ್ಲೇ ಬಿದ್ದುಹೋಗುತ್ತದೆ. ಬಾವಿಯ ಹಗ್ಗ ಗಟ್ಟಿಯಿದೆಯೇ ಎಂದು ಖಾಲಿ ಕೊಡ ಇಳಿಸಿ ನೋಡಿದರೆ ಗೊತ್ತಾಗದು, ತುಂಬಿದ ಕೊಡ ಎಳೆಯಬೇಕು.

ಅದಕ್ಕೇ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ತುದಿಗೆ ಮೊಸಳೆ ಕ್ಲಿಪ್ ಹಚ್ಚಿ ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಹೋಲ್ಡರ್‌ನ ಪಾಸಿಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಹಿಡಿದಾಗ ಅದು ಪೂರ್ತಿ ಬೆಳಗಿದರೆ ಸಪ್ಲೈ ಸರಿ, ತಪ್ಪು ಅರ್ತ್‌ನಲ್ಲಿ. ಬೆಳಗದಿದ್ದರೆ ಫ್ಲಾಶರ್ ಕಡೆಗೆ ಒಂದೊಂದೇ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಹಿಂದಕ್ಕೆ ಹೋಗಿ. ಎಲ್ಲಿ ಬೆಳಗುತ್ತದೋ ಆ ಜಾಗಕ್ಕೂ ಅದಕ್ಕಿಂತ ಮೊದಲು ಪರೀಕ್ಷಿಸಿದ ಜಾಗಕ್ಕೂ ನಡುವೆ ದೋಷವಿದೆ. ಸಪ್ಲೈ ಕಡೆ ಬ್ಯಾಟರಿಯಿಂದ ಬಲ್ಬಿನ ತನಕ ಅರ್ಧ ವೋಲ್ಟ್‌ಗಿಂತ ಹೆಚ್ಚು ಬೀಳಬಾರದು. ಮಿನುಗುವಾಗ ಅಳೆಯಲು ಆಗದು; ಫ್ಲಾಶರ್ ಕಿತ್ತು, ಅದರ ಸಾಕೆಟ್‌ನಲ್ಲಿ ‘ಬಿ’ ಮತ್ತು ‘ಎಲ್’ (ಯುರೋಪಿನ ಮಾದರಿಯಲ್ಲಿ 49 ಮತ್ತು 49ಎ) ಎರಡನ್ನೂ ವೈರ್ ತುಂಡಿನಿಂದ ಜೋಡಿಸಿದರೆ ದೀಪ ಮಿನುಗದೆ ಉರಿಯುತ್ತದೆ. ಮೂರನೆಯದು ಸಾಮಾನ್ಯವಾಗಿ ಅರ್ತ್, ಅದನ್ನು ಮುಟ್ಟಬೇಡಿ, ಫ್ಯೂಸ್ ಹೋಗುತ್ತದೆ.

ಒಂದು ಎಚ್ಚರಿಕೆ: ಹಳದಿ ಕಪ್ಲರ್ ಏರ್‌ಬ್ಯಾಗಿನದ್ದು. ಅದಕ್ಕೆ ಟೆಸ್ಟ್ ಲ್ಯಾಂಪ್ ಆಗಲಿ ಮೀಟರ್ ಆಗಲಿ ತಾಗಿಸಲೇಬಾರದು. ಬಿಸಿಎಂ ಅಥವಾ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪಿನ್ನುಗಳಿಗೂ 21 ವ್ಯಾಟಿನ ಲ್ಯಾಂಪ್ ಹಿಡಿಯಬೇಡಿ.

ಹಜಾರ್ಡ್ ಒತ್ತಿದರೆ ನಾಲ್ಕೂ ಮಿನುಗುತ್ತವೆ. ಇಂಡಿಕೇಟರ್ ಮಾತ್ರ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.
– ಓದುಗರು, ಹುಬ್ಬಳ್ಳಿ

ಅರ್ಧ ಪರೀಕ್ಷೆ ನೀವೇ ಮುಗಿಸಿದ್ದೀರಿ. ಹಜಾರ್ಡ್ ಕೆಲಸ ಮಾಡುತ್ತಿದ್ದರೆ ಫ್ಲಾಶರ್, ಬಲ್ಬ್, ಅಲ್ಲಿಗೆ ಹೋಗುವ ವೈರ್, ಅರ್ತ್ ಎಲ್ಲವೂ ಸರಿ. ಹಜಾರ್ಡ್‌ಗೆ ಕರೆಂಟ್ ಬರುವುದು ನೇರ ಬ್ಯಾಟರಿಯಿಂದ, ಇಂಡಿಕೇಟರ್‌ಗೆ ಇಗ್ನಿಷನ್ ಮೂಲಕ, ಬೇರೆ ಫ್ಯೂಸ್‌ನಿಂದ. ಹಲವು ಕಾರುಗಳಲ್ಲಿ ಈ ಎರಡನೆಯ ಲೈನ್ ಹಜಾರ್ಡ್ ಸ್ವಿಚ್ಚಿನ ಒಳಗಿಂದಲೇ ಹಾದು ಫ್ಲಾಶರ್‌ಗೆ ಹೋಗುತ್ತದೆ, ಸ್ವಿಚ್ ಒತ್ತದೇ ಇರುವಾಗ ತಾಗಿಕೊಂಡಿರುವ ಕಾಂಟ್ಯಾಕ್ಟ್ ಮೂಲಕ. ವರ್ಷಗಟ್ಟಲೆ ಹಜಾರ್ಡ್ ಮುಟ್ಟದಿದ್ದರೆ ಆ ಕಾಂಟ್ಯಾಕ್ಟ್ ಮೇಲೆ ಪೊರೆ ಕಟ್ಟುತ್ತದೆ.

ಮೊದಲು ಫ್ಯೂಸ್ ನೋಡಿ. ಕಣ್ಣಳತೆ ಸಾಲದು; ಇಗ್ನಿಷನ್ ಆನ್ ಮಾಡಿ ಟೆಸ್ಟ್ ಲ್ಯಾಂಪಿನ ಒಂದು ಕ್ಲಿಪ್ಪನ್ನು ಬ್ಯಾಟರಿ ನೆಗೆಟಿವ್‌ಗೆ ಹಾಕಿ, ಇನ್ನೊಂದನ್ನು ಫ್ಯೂಸ್‌ನ ತಲೆಯ ಮೇಲಿನ ಎರಡೂ ಲೋಹದ ಚುಕ್ಕಿಗೆ ಒಂದೊಂದಾಗಿ ತಾಗಿಸಿ, ಎರಡರಲ್ಲೂ ಬೆಳಗಬೇಕು. ಫ್ಯೂಸ್ ಸರಿಯಿದ್ದರೆ ಹಜಾರ್ಡ್ ಸ್ವಿಚ್ಚನ್ನು ಪಟಪಟನೆ ಇಪ್ಪತ್ತು ಸಲ ಒತ್ತಿ ಬಿಡಿ. ಇಂಡಿಕೇಟರ್‌ಗೆ ಜೀವ ಬಂತೋ, ಕಳ್ಳ ಸಿಕ್ಕ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಕೆಲವು ತಿಂಗಳು ನಡೆಯಬಹುದು, ಖಾಯಂ ಪರಿಹಾರ ಹೊಸ ಸ್ವಿಚ್. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಒಳಗೆ ಹೊಡೆಯಬೇಡಿ, ಧೂಳು ಹಿಡಿದು ಮತ್ತೆ ಕಟ್ಟುತ್ತದೆ. ಇದೂ ಅಲ್ಲದಿದ್ದರೆ ಸ್ಟಿಯರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ಚಿನ ಸರದಿ. ಅಂದಹಾಗೆ, ಹಜಾರ್ಡ್‌ನಲ್ಲಿ ನಾಲ್ಕೂ ಉರಿದು, ಇಂಡಿಕೇಟರ್‌ನಲ್ಲಿ ಒಂದು ಬದಿ ಮಾತ್ರ ಸತ್ತಿದ್ದರೆ ಮೊದಲ ಅನುಮಾನವೇ ಕಾಂಬಿನೇಷನ್ ಸ್ವಿಚ್ ಮೇಲೆ.

ಬಿಸಿಎಂ ಇರುವ ಕಾರಿನಲ್ಲಿ ಈ ಸ್ವಿಚ್ಚುಗಳು ಬರೀ ಸಂದೇಶ ಕಳಿಸುತ್ತವೆ. ಅಲ್ಲಿ ಸ್ಕ್ಯಾನರ್ ಹಾಕಿ, ಸ್ವಿಚ್ ಒತ್ತಿದ್ದು ಬಿಸಿಎಂಗೆ ಮುಟ್ಟುತ್ತಿದೆಯೇ ಎಂದು ನೋಡುವುದೇ ಹತ್ತಿರದ ದಾರಿ.

ಬಲ ಇಂಡಿಕೇಟರ್ ಹಾಕಿದರೆ 10 ಆಂಪಿಯರ್ ಫ್ಯೂಸ್ ಹೋಗುತ್ತದೆ. ಸದ್ಯಕ್ಕೆ 20ರದ್ದು ಹಾಕಿಕೊಂಡು ಓಡಿಸಬಹುದೇ?
– ಓದುಗರು, ಹೊಸಪೇಟೆ

ಖಂಡಿತ ಬೇಡ. ಫ್ಯೂಸ್ ಇರುವುದು ವೈರ್ ಉಳಿಸಲಿಕ್ಕೆ. ಕೆಂಪು 10ರ ಜಾಗದಲ್ಲಿ ಹಳದಿ 20 ಹಾಕಿದರೆ ಫ್ಯೂಸ್ ಬದಲು ವೈರ್ ಸುಡುತ್ತದೆ, ಅದೂ ಡ್ಯಾಶ್‌ಬೋರ್ಡ್ ಹಿಂದೆ.

ಬಲಗಡೆಯ ಪಾಸಿಟಿವ್ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ. ಫ್ಯೂಸ್‌ಗಳನ್ನು ಒಂದೊಂದೇ ಬಲಿಕೊಡುತ್ತ ಹುಡುಕಬೇಕಿಲ್ಲ. ಬಲಗಡೆಯ ಮೂರೂ ಬಲ್ಬ್ ತೆಗೆಯಿರಿ. ಫ್ಲಾಶರ್ ಕಿತ್ತು ‘ಬಿ’–‘ಎಲ್’ ಜೋಡಿಸಿ. ಫ್ಯೂಸ್ ಜಾಗದಲ್ಲಿ, ಅದರ ಎರಡು ಸಂದಿಗೆ, 21 ವ್ಯಾಟಿನ ಟೆಸ್ಟ್ ಲ್ಯಾಂಪಿನ ಎರಡು ವೈರ್ ಸಿಕ್ಕಿಸಿ. ಈಗ ಇಗ್ನಿಷನ್ ಆನ್ ಮಾಡಿ ಬಲ ಇಂಡಿಕೇಟರ್ ಹಾಕಿ. ಬಲ್ಬೇ ಇಲ್ಲದ ಲೈನಿನಲ್ಲಿ ಲ್ಯಾಂಪ್ ಬೆಳಗಬಾರದು. ಝಗ್ಗನೆ ಬೆಳಗಿತೆಂದರೆ ಶಾರ್ಟ್ ಇದೆ, ಆದರೆ ಕರೆಂಟ್ 2 ಆಂಪಿಯರ್ ಮೀರದ ಕಾರಣ ಏನೂ ಸುಡುವುದಿಲ್ಲ, ನಿಧಾನಕ್ಕೆ ಹುಡುಕಬಹುದು. ಹಿಂದಿನ ಕಪ್ಲರ್ ಬಿಡಿಸಿ, ಆರಿತೇ? ಮುಂದಿನದು? ಪಕ್ಕದ್ದು? ಯಾವುದನ್ನು ಬಿಡಿಸಿದಾಗ ಲ್ಯಾಂಪ್ ಆರುತ್ತದೋ ಅದರಾಚೆಯ ವೈರಿನಲ್ಲಿದೆ ದೋಷ. ಯಾವುದಕ್ಕೂ ಆರದಿದ್ದರೆ ಉದ್ದದ ಮುಖ್ಯ ವೈರಿನಲ್ಲೇ. ಬಲ್ಬ್ ತೆಗೆದ ಕೂಡಲೇ ಶಾರ್ಟ್ ಮಾಯವಾದರೆ ತಪ್ಪು ಬಲ್ಬಿನ ಬುಡದ್ದು.

ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಮರೆಯ ಹಿಂದೆ ಪಕ್ಕದ ದೀಪದ ವೈರ್ ತಗಡಿಗೆ ಉಜ್ಜುವುದು, ಬಂಪರ್ ರಿಪೇರಿಯಲ್ಲಿ ಬ್ರಾಕೆಟ್ ಅಡಿಗೆ ವೈರ್ ಸಿಕ್ಕಿಕೊಳ್ಳುವುದು, ಡಿಕ್ಕಿಯಲ್ಲಿ ಜಾಕ್ ಕುಣಿದು ವೈರ್ ಸುಲಿಯುವುದು, ಬಾಗಿಲ ಕೆಳಗಿನ ಪಟ್ಟಿಗೆ ಹೊಡೆದ ಉದ್ದ ಸ್ಕ್ರೂ ವೈರಿಗೆ ಇಳಿಯುವುದು ಮಾಮೂಲು ಜಾಗಗಳು. ಇಂಡಿಕೇಟರ್ ಕನ್ನಡಿಯಲ್ಲಿದ್ದರೆ ಬಾಗಿಲು ಮತ್ತು ಬಾಡಿ ನಡುವಿನ ಮಡಿಕೆಯ ರಬ್ಬರ್ ಕೊಳವೆ ಸರಿಸಿ ನೋಡಿ. ಇಲಿಯ ಕೆಲಸವೂ ಇರಬಹುದು. ಹಿಕ್ಕೆ ಕಂಡ ಕಡೆ ಇಡೀ ಕಟ್ಟು ಬಿಚ್ಚಿ ನೋಡಿ, ಇಲಿ ಒಂದೇ ವೈರಿಗೆ ತೃಪ್ತಿಪಡುವ ಪ್ರಾಣಿಯಲ್ಲ. ಕೂಡಿಸುವಾಗ 1 ಚದರ ಮಿಲಿಮೀಟರ್ ಆಟೋ ವೈರ್ ಹಾಕಿ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಬರೀ ತಿರುಚಿ ಟೇಪ್ ಸುತ್ತಿದರೆ ಬಳ್ಳಾರಿ ಕಡೆಯ ಬಿಸಿಲಿಗೆ ಒಂದು ಬೇಸಿಗೆಯಲ್ಲೇ ಅಂಟು ಜಾರಿ ಹೋಗುತ್ತದೆ.

ಎಲ್‌ಇಡಿ ಬಲ್ಬ್ ಹಾಕಿಸಿದಾಗಿನಿಂದ ಎರಡೂ ಬದಿ ವೇಗವಾಗಿ ಮಿನುಗುತ್ತಿವೆ. ರೆಸಿಸ್ಟರ್ ಹಾಕಬೇಕಂತೆ, ಹೌದೇ?
– ಓದುಗರು, ಬೆಂಗಳೂರು

ಎಲ್‌ಇಡಿ ಎಳೆಯುವುದು ಕೆಲವೇ ವ್ಯಾಟ್. 21 ವ್ಯಾಟ್ ನಿರೀಕ್ಷಿಸುವ ಫ್ಲಾಶರ್‌ಗೆ ಅದು ಸತ್ತ ಬಲ್ಬಿನಂತೆ ಕಾಣುತ್ತದೆ. ಪ್ರತ್ಯೇಕ ಫ್ಲಾಶರ್ ಇರುವ ಕಾರಾದರೆ ಎಲ್‌ಇಡಿಗೆಂದೇ ಮಾಡಿದ ಫ್ಲಾಶರ್ ಹಾಕಿ, ಪಿನ್ನುಗಳ ಕ್ರಮ ಹಳೆಯದರಂತೆಯೇ ಇದೆಯೇ ನೋಡಿಕೊಂಡು. ಬಿಸಿಎಂ ಕಾರಿಗೆ ರೆಸಿಸ್ಟರ್‌ನದೇ ದಾರಿ: 6 ಓಮ್, 50 ವ್ಯಾಟ್, ಪ್ರತಿ ಬಲ್ಬಿಗೊಂದು, ಬಲ್ಬಿಗೆ ಸಮಾನಾಂತರವಾಗಿ. ಎಂಜಿನ್ ಓಡುವಾಗ ಅದರಲ್ಲಿ 2 ಆಂಪಿಯರ್‌ಗೂ ಹೆಚ್ಚು ಹರಿದು ಮುಟ್ಟಿದರೆ ಬೊಬ್ಬೆ ಬರುವಷ್ಟು ಕಾಯುತ್ತದೆ. ಬರೀ ತಗಡಿಗೆ ಸ್ಕ್ರೂ ಮಾಡಬೇಕು. ಬಂಪರ್, ದೀಪದ ಪ್ಲಾಸ್ಟಿಕ್, ವೈರ್ ಕಟ್ಟು ಯಾವುದಕ್ಕೂ ತಾಗಬಾರದು.

ಕರೆಂಟ್ ಉಳಿಸಲು ಎಲ್‌ಇಡಿ ಹಾಕಿ, ಉಳಿದದ್ದನ್ನು ರೆಸಿಸ್ಟರ್‌ನಲ್ಲಿ ಸುಡುವ ಈ ವ್ಯವಹಾರ ನಮಗಂತೂ ಅರ್ಥವಾಗುವುದಿಲ್ಲ. ತಂತಿಯ ಬಲ್ಬಿಗೆಂದು ಲೆಕ್ಕಹಾಕಿ ಮಾಡಿದ ರಿಫ್ಲೆಕ್ಟರ್‌ನಲ್ಲಿ ಎಲ್‌ಇಡಿ ಬೆಳಕು ಹರಡಬೇಕಾದ ಕಡೆ ಹರಡುವುದೂ ಇಲ್ಲ. ಮೂಲ ಬಲ್ಬಿಗೇ ಹಿಂತಿರುಗಿ ಎಂಬುದು ನಮ್ಮ ಸಲಹೆ. ಗಾಜು ಬಿಳಿಯಾಗಿದ್ದರೆ ಕಿತ್ತಳೆ ಬಣ್ಣದ ಪಿವೈ 21 ಡಬ್ಲ್ಯು ಕೇಳಿ ತನ್ನಿ. ಬಿಳಿ ಬಲ್ಬ್ ತಪ್ಪಿಯೂ ಕೂರದಿರಲೆಂದೇ ಇದರ ಎರಡು ಮೊಳೆಗಳನ್ನು ಎದುರುಬದುರು ಇಡದೆ ಸ್ವಲ್ಪ ಓರೆಯಾಗಿ ಇಟ್ಟಿರುತ್ತಾರೆ. ಮೊಳೆ ಉಜ್ಜಿ ಬಿಳಿ ಬಲ್ಬ್ ಕೂರಿಸುವವರೂ ಇದ್ದಾರೆ, ಕೂರಿಸಲು ಬಿಡಬೇಡಿ.

ರಿಮೋಟ್ ಲಾಕ್ ಹಾಕಿಸಿ ವರ್ಷವಾಯಿತು. ಈಗ ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ಮಿನುಗುತ್ತವೆ.
– ಓದುಗರು, ಮೈಸೂರು

ಲಾಕ್ ಆದಾಗ ದೀಪ ಮಿನುಗಿಸಲು ಆ ಕಿಟ್‌ನಿಂದ ಒಂದು ವೈರ್ ಎಡಕ್ಕೆ, ಒಂದು ಬಲಕ್ಕೆ ಜೋಡಿಸಿರುತ್ತಾರೆ. ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಶಾರ್ಟ್ ಆದರೆ ಅಥವಾ ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡರೆ ಎಡ ಬಲ ಒಂದಾಗುತ್ತವೆ. ಆ ಎರಡು ವೈರ್ ಬಿಡಿಸಿ ನೋಡಿ. ಸರಿಹೋದರೆ ಕಿಟ್ ಬದಲಾಯಿಸಿ, ಇಲ್ಲವೇ ಪ್ರತಿ ವೈರಿಗೆ 6 ಆಂಪಿಯರ್‌ನ ಒಂದು ಡಯೋಡ್ ಸೇರಿಸಿ, ಗೆರೆ ಇರುವ ತುದಿ ಇಂಡಿಕೇಟರ್ ಕಡೆಗೆ. ಸರಿಹೋಗದಿದ್ದರೆ ಹಜಾರ್ಡ್ ಸ್ವಿಚ್ ಒಳಗೇ ಸಿಕ್ಕಿಕೊಂಡಿರಬಹುದು. ತಡಮಾಡಬೇಡಿ, ನಾಲ್ಕೂ ಮಿನುಗಿದರೆ ‘ನೇರ ಹೋಗುತ್ತಿದ್ದಾನೆ’ ಎಂದು ಓದುವ ತಪ್ಪು ರೂಢಿ ನಮ್ಮ ಸರ್ಕಲ್‌ಗಳಲ್ಲಿದೆ, ನೀವು ಅಲ್ಲಿ ಬಲಕ್ಕೆ ತಿರುಗಿದಿರೋ ಕೆಟ್ಟಿತು.

ತಿರುವು ಮುಗಿದರೂ ಇಂಡಿಕೇಟರ್ ಕಡ್ಡಿ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಇದಕ್ಕೂ ಫ್ಲಾಶರ್ ಕಾರಣವೇ?
– ಓದುಗರು, ದಾವಣಗೆರೆ

ಅಲ್ಲ, ಇದು ವಿದ್ಯುತ್ತಿನ ದೋಷವೇ ಅಲ್ಲ. ಸ್ಟಿಯರಿಂಗ್ ಜೊತೆ ತಿರುಗುವ ಒಂದು ಉಬ್ಬು ಕಾಂಬಿನೇಷನ್ ಸ್ವಿಚ್ಚಿನ ಪ್ಲಾಸ್ಟಿಕ್ ನಾಲಗೆಯನ್ನು ತಟ್ಟಿ ಕಡ್ಡಿಯನ್ನು ಬಿಡಿಸುತ್ತದೆ. ನಾಲಗೆ ಮುರಿದಿದ್ದರೆ ಸ್ವಿಚ್ ಬದಲಿಸಬೇಕು. ಸ್ಟಿಯರಿಂಗ್ ಬಿಚ್ಚಿ ಹಾಕಿದ ಮೇಲೆ ಶುರುವಾಗಿದ್ದರೆ ಉಬ್ಬು ತನ್ನ ಜಾಗದಲ್ಲಿ ಕೂತಿಲ್ಲ. ಲೇನ್ ಬದಲಿಸುವಷ್ಟು ಸಣ್ಣ ತಿರುವಿಗೆ ಅದು ಬಿಡಿಸಿಕೊಳ್ಳದಿರುವುದು ಮಾತ್ರ ಸಹಜ. ಏರ್‌ಬ್ಯಾಗ್ ಇರುವ ಸ್ಟಿಯರಿಂಗ್ ಆದರೆ ಮನೆಯಲ್ಲಿ ಬಿಚ್ಚಬೇಡಿ. ಬಿಚ್ಚುವ ಮೆಕ್ಯಾನಿಕ್ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಕಾರಿನ ಕೈಪಿಡಿ ಹೇಳಿದಷ್ಟು ನಿಮಿಷ ಕಾದು ಆಮೇಲೆ ಕೈಹಾಕುತ್ತಾನೋ ಇಲ್ಲವೋ ನೋಡಿ. ಕಾಯದೆ ಸ್ಪ್ಯಾನರ್ ಎತ್ತಿಕೊಂಡರೆ ಬೇರೆ ಗ್ಯಾರೇಜ್ ಹುಡುಕಿ.